ಒಂದು ಮಗ್ಗುಲಿಗೆ ಒಂದು ಊಟ

ಮಂಗಳೂರು ಜೆಪ್ಪುವಿನ ನಮ್ಮ ಮನೆಯಲ್ಲಿ ಹೊತ್ತು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಹಿತ್ತಿಲಿನ ಪಾಗಾರದ ಗೋಡೆಯ ಆಚೆ ಒಂದಿಷ್ಟು ಕೆಸುವಿನ ಗಿಡ, ಒಂದು ಸಣ್ಣ ನೀರಿನ ತೋಡು, ಅದರಾಚೆ ರೈಲಿನ ಹಳಿ. ಬೆಳಗಿನ ಗಾಡಿ ಹೋದರೆ ಅಮ್ಮ ಗಂಜಿಯ ಒಲೆ ದೊಡ್ಡದು ಮಾಡುತ್ತಿದ್ದಳು, ಸಂಜೆಯ ಗಾಡಿ ಹೋದರೆ ದೇವರಿಗೆ ದೀಪ ಹಚ್ಚುತ್ತಿದ್ದಳು. ಗಾಡಿ ಬರುವ ಮೊದಲೇ ಅಡುಗೆಮನೆಯ ಹಲಗೆಯ ಮೇಲೆ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹೊಸದಾಗಿ ಬಂದ ನೆಂಟರು ಗಾಬರಿಯಿಂದ ಎದ್ದು ನಿಲ್ಲುತ್ತಿದ್ದರು. ನಾವು ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ, ಗಾಡಿ ದಾಟಿದ ಮೇಲೆ ಅದೇ ಶಬ್ದದಿಂದ ಮುಂದುವರಿಸುತ್ತಿದ್ದೆವು. ಅಮ್ಮ ಮತ್ತು ಪಪ್ಪನ ಎಷ್ಟೋ ಜಗಳಗಳು ಗಾಡಿ ಹೋಗುವುದರೊಳಗೆ ಆರಿಹೋಗುತ್ತಿದ್ದವು.

ಹಳೆಯ ಮನೆಗಳನ್ನು ಬಿಚ್ಚಿ ಮರ, ಹೆಂಚು, ಕಿಟಕಿ, ಕಂಬ ಮಾರುವುದು ಇವತ್ತಿನ ನನ್ನ ವ್ಯಾಪಾರ. ಯಾರೂ ಕಲಿಸಿಕೊಟ್ಟದ್ದಲ್ಲ, ಯಾರ ಕೈಯಿಂದ ಬಂದದ್ದೂ ಅಲ್ಲ. ಆ ಮನೆಗೆ ಬೆಲೆ ಕಟ್ಟಲು ಇವತ್ತು ನನ್ನನ್ನೇ ಕರೆದಿದ್ದರೆ, ಚಾವಡಿಯ ತೊಲೆ ಒಳ್ಳೆಯದು, ಅಡುಗೆಮನೆಯ ಕಿಟಕಿಗೆ ಗೆದ್ದಲು, ನಡುಕೋಣೆಯ ಹಲಸಿನ ಬಾಗಿಲು ಮಾತ್ರ ಬಿಡಬಾರದ ಮಾಲು ಎಂದು ಹೇಳುತ್ತಿದ್ದೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಮೇಲೆ ನೋಡುವುದು, ಗೋಡೆ ತಟ್ಟುವುದು ನನಗೆ ಅಭ್ಯಾಸವಾಗಿದೆ. ಆದರೆ ಒಂದು ಮನೆಯಲ್ಲಿ ಏನು ನಡೆದಿತ್ತು ಎಂಬುದು ಮರ ತಟ್ಟಿದರೆ ತಿಳಿಯುವುದಿಲ್ಲ. ಅದನ್ನು ಯಾರಾದರೂ ಹೇಳಬೇಕು. ಮೊನ್ನೆ ಕಿಟಕಿ ಕೊಳ್ಳಲು ಬಂದ ತಾಯಿಯೊಬ್ಬರು ಚೌಕಾಶಿಯ ನಡುವೆ ಮೊಬೈಲು ತೆಗೆದು ನನ್ನ ಕಿವಿಯ ಹತ್ತಿರ ಹಿಡಿದರು. ಅದರೊಳಗೆ ಹಾಡಿನ ಹೆಸರಿನಲ್ಲಿ ಯಾವನೋ ಗಂಟಲು ಹರಿದುಕೊಂಡು ಕೂಗುತ್ತಿದ್ದ.

"ನೋಡಿ ಅಕ್ಕ, ಮಗ ಇಡೀ ದಿನ ಕೋಣೆಯಲ್ಲಿ ಕೂತು ಇದನ್ನೇ ಕೇಳ್ತಾನೆ. ನನಗೆ ಹೆದರಿಕೆ ಆಗ್ತದೆ."

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ, ಆದರೆ ಅದರ ಹಿಂದಿನ ಕಥೆಯ ಸಮೇತ. ಮನೆಯಲ್ಲಿ ನಾವಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡಕ್ಕೆ ತಂದು ಬರೆದಿದ್ದೇನೆ.

ಪಪ್ಪ ರೈಲ್ವೇ ಸ್ಟೇಷನ್ನಿನ ಹತ್ತಿರ ಊಟದ ಹೋಟೆಲು ನಡೆಸುತ್ತಿದ್ದರು. ಹಣದ ಗಲ್ಲದ ಮುಂದೆ ಕೂತಾಗ ಗಿರಾಕಿಗಳನ್ನು ನಗಿಸುವ ಮನುಷ್ಯ. ಮನೆಗೆ ಬಂದರೆ ಬೆತ್ತದ ಕುರ್ಚಿ, ಚಾ, ಮತ್ತು ಚಾವಡಿಯ ಟೇಪ್ ರೆಕಾರ್ಡರಿನಲ್ಲಿ ತಾಳಮದ್ದಳೆ. ಅರ್ಥಧಾರಿಗಳ ವಾದಕ್ಕೆ ಅವರೂ ಎದುರು ಮಾತು ಸೇರಿಸುತ್ತಿದ್ದರು. ನನ್ನ ಅಣ್ಣ ಕಿಶೋರ ಐಟಿಐ ಮುಗಿಸಿ ಬಂದರದ ಕಡೆ ಒಂದು ವರ್ಕ್‌ಶಾಪಿನಲ್ಲಿ ಬೋಟಿನ ಇಂಜಿನು ರಿಪೇರಿ ಕಲಿಯುತ್ತಿದ್ದ. ಅಲ್ಲಿಯ ಜೊತೆಗಾರನೊಬ್ಬನ ಅಣ್ಣ ದುಬೈಯಲ್ಲಿದ್ದ. ಅವನು ತಂದ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ದಾಟಿ, ನಕಲಾಗಿ, ಲೇಬಲ್ಲಿನ ಮೇಲೆ ಹೆಸರೂ ಇಲ್ಲದೆ ನಮ್ಮ ಮನೆಗೆ ಬರುತ್ತಿದ್ದವು. ಗಿಟಾರು ಎಂದರೆ ಗರಗಸ, ಡೋಲು ಎಂದರೆ ಕಲ್ಲು ಕುಟ್ಟಿದ ಹಾಗೆ, ಅದರ ಮೇಲೆ ಬಾವಿಯ ತಳದಿಂದ ಬಂದಂಥ ಒಂದು ಗಂಡಸಿನ ದನಿ. ಅಣ್ಣ ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ಹೋಗುತ್ತಿದ್ದ, ರಜೆಯ ದಿನ ಮಾತ್ರ ಚಾವಡಿಯ ಟೇಪ್ ರೆಕಾರ್ಡರಿಗೆ ಹಾಕುತ್ತಿದ್ದ.

"ಎಂತ ಮಾರಾಯ ಇದು, ಹಂದಿಗೆ ಹೊಟ್ಟೆನೋವು ಬಂದ ಹಾಗೆ?" ಎನ್ನುತ್ತಿದ್ದರು ಪಪ್ಪ.

"ನಿಮ್ಮ ತಾಳಮದ್ದಳೆಯ ರಾಕ್ಷಸರಿಗಿಂತ ಇವ ಪಾಪದವ ಪಪ್ಪ. ಇವ ಯಾರ ಹೆಂಡ್ತಿಯನ್ನೂ ಕದ್ಕೊಂಡು ಹೋಗುದಿಲ್ಲ."

ಅಷ್ಟೇ. ಆಗ ಆ ಹಾಡು ನಮ್ಮ ಮನೆಯಲ್ಲಿ ಒಂದು ತಮಾಷೆಯಾಗಿತ್ತು.

ಒಂದು ಸಂಜೆ ಅಣ್ಣ ವರ್ಕ್‌ಶಾಪಿನಿಂದ ಬರುವಾಗ, ನಾವೆಲ್ಲ ದಾಟುವ ಹಾಗೆ ಹಳಿ ದಾಟುತ್ತಿದ್ದ. ಕಿವಿಯಲ್ಲಿ ವಾಕ್‌ಮನ್ ಇತ್ತು. ಗಾಡಿಯವನು ಹಾರನ್ ಹಾಕಿದ್ದನಂತೆ. ಇದಕ್ಕಿಂತ ಹೆಚ್ಚು ನನಗೆ ಅಂದೂ ಯಾರೂ ಹೇಳಲಿಲ್ಲ, ಇಂದೂ ತಿಳಿಯದು. ಚಾವಡಿಯಲ್ಲಿ ಕೂತವರು "ಪಾಪ, ಕೇಳ್ಲಿಲ್ಲ ಅವನಿಗೆ" ಎಂದರು. ಹಿತ್ತಿಲ ಬಾಗಿಲಲ್ಲಿ ನಿಂತವರು, ಅವನು ಈಚೆಗೆ ಮಾತು ಕಡಿಮೆ ಮಾಡಿದ್ದನಂತೆ, ವರ್ಕ್‌ಶಾಪಿನಲ್ಲಿ ಏನೋ ಬೇಸರವಿತ್ತಂತೆ ಎಂದು ದನಿ ತಗ್ಗಿಸಿದರು. ಎರಡೂ ಮಾತು ನನ್ನ ಕಿವಿಗೆ ಬಿದ್ದವು. ಅಮ್ಮನ ಕಿವಿಗೂ, ಪಪ್ಪನ ಕಿವಿಗೂ ಬಿದ್ದಿರಬೇಕು. ಆ ಎರಡನೆಯ ಮಾತನ್ನು ನಮ್ಮಲ್ಲಿ ಯಾರೂ ಇನ್ನೊಬ್ಬರ ಮುಂದೆ ಎತ್ತಲಿಲ್ಲ. ಪಪ್ಪ ಅಣ್ಣನ ಹೆಸರು ಹೇಳುವುದನ್ನೇ ಬಿಟ್ಟರು. "ಅವ" ಎನ್ನುತ್ತಿದ್ದರು, ಅದೂ ತೀರಾ ಅಗತ್ಯ ಬಿದ್ದರೆ. ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ ಮಾತು: "ಆ ದರಿದ್ರ ಹಾಡು ತಿಂದದ್ದು ಅವನನ್ನು."

ನನಗಾಗ ಹದಿನೈದು. ಕ್ಯಾಸೆಟ್ಟುಗಳು ನಡುಕೋಣೆಯ ಮಂಚದ ಕೆಳಗೆ ಬಿಸ್ಕೀಟಿನ ಡಬ್ಬಿಯಲ್ಲಿದ್ದವು. ಅದು ಅಣ್ಣ ಮತ್ತು ನಾನು ಓದುತ್ತಿದ್ದ, ಮಲಗುತ್ತಿದ್ದ ಕೋಣೆ. ದುಃಖಕ್ಕೆ ಬಂದವರೆಲ್ಲ ಹೋಗಿ ಮನೆ ಖಾಲಿಯಾದ ಮೇಲೆ ನಾನು ಟೇಪ್ ರೆಕಾರ್ಡರನ್ನು ಚಾವಡಿಯಿಂದ ಒಳಗೆ ತಂದು, ಬಾಗಿಲು ಹಾಕಿ, ಒಂದನ್ನು ಹಾಕಿದೆ. ಮತ್ತೆ ನಿಲ್ಲಿಸಲಿಲ್ಲ. ಶಾಲೆಯಿಂದ ಬಂದವಳು ನೇರ ಒಳಗೆ. ಊಟದ ಬಟ್ಟಲು ಮುಟ್ಟುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ. ಜೊತೆಗಾತಿಯರು ಬಂದರೆ ಇಲ್ಲವೆನ್ನಲು ಅಮ್ಮನಿಗೆ ಹೇಳಿಟ್ಟಿದ್ದೆ. ಹುಡುಗಿಗೆ ಹುಚ್ಚು ಹಿಡಿಯಿತು ಎಂದು ನೆರೆಯವರು ತೀರ್ಮಾನಿಸಿದರು. ನಿಜವೇನೆಂದರೆ ನಾನು ಹುಡುಕುತ್ತಿದ್ದೆ. ಆ ದನಿ ಅಣ್ಣನಿಗೆ ಏನು ಹೇಳಿತು? ಬಾ ಎಂದಿತೇ? ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅವನ ಇಂಗ್ಲಿಷು ಒಂದು ಅಕ್ಷರ ಹತ್ತುತ್ತಿರಲಿಲ್ಲ. ಆದರೂ ಎಷ್ಟೋ ಸಲ ಕೇಳಿದರೆ ಒಂದು ದಿನ ತಿಳಿದೇ ತಿಳಿಯುತ್ತದೆ ಎಂದುಕೊಂಡಿದ್ದೆ.

ಪಪ್ಪ ಮೊದಲು ಬಾಗಿಲು ಬಡಿದರು. ಆಮೇಲೆ ಬೈದರು. ಆಮೇಲೆ ಒಂದು ಭಾನುವಾರ ಆಚಾರಿಯನ್ನು ಕರೆಸಿ ನಡುಕೋಣೆಯ ಬಾಗಿಲನ್ನೇ ಕೀಲಿನಿಂದ ತೆಗೆಸಿದರು.

"ಇನ್ನು ಈ ಮನೆಯಲ್ಲಿ ಯಾರೂ ಬಾಗಿಲು ಹಾಕಿ ಕೂರುದು ಬೇಡ," ಎಂದರು.

ಆಚಾರಿ ಆ ಹಲಸಿನ ಬಾಗಿಲನ್ನು ಬೆನ್ನ ಮೇಲೆ ಹೊತ್ತು ಹಿತ್ತಿಲಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಒರಗಿಸಿ ಹೋದ. ಆ ದಿನದಿಂದ ನಾನು ಬಟ್ಟೆ ಬದಲಿಸಲು ಬಚ್ಚಲಿಗೆ ಹೋಗುತ್ತಿದ್ದೆ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಹಾಡು ಮಾತ್ರ ಈಗ ಇಡೀ ಮನೆಗೆ ಕೇಳುತ್ತಿತ್ತು. ಪಪ್ಪ ಎದ್ದು ಅಂಗಳಕ್ಕೆ ಹೋಗಿ ಪೇಪರಿನ ಹಿಂದೆ ಕೂರುತ್ತಿದ್ದರು. ತಂದೆ ತಾಯಿಯರಿಗೆ ನಾನು ಹೇಳುವ ಮೊದಲನೆಯ ಮಾತು ಇದು: ಬಾಗಿಲು ಕಿತ್ತರೆ ಮಗು ಹೊರಗೆ ಬರುವುದಿಲ್ಲ. ಕೋಣೆಯಿಂದ ಇನ್ನೂ ಒಳಗೆ ಎಲ್ಲಿಗೋ ಹೋಗುತ್ತದೆ, ಅಲ್ಲಿಯ ಬಾಗಿಲು ಯಾವ ಆಚಾರಿಗೂ ಸಿಗುವುದಿಲ್ಲ.

ಅಮ್ಮನ ದಾರಿ ಬೇರೆ. ನನಗೆ ಚೌಕಾಶಿ ಬಂದದ್ದು ಅವಳಿಂದ. ಬೆಂಗ್ರೆಯಿಂದ ಹೊಳೆ ದಾಟಿ ಬರುತ್ತಿದ್ದ ಮೀನಿನ ಹೆಂಗಸಿನ ಜೊತೆ ಅವಳು ಗೇಟಿನಲ್ಲಿ ಮಾತಾಡುವುದನ್ನು ನೋಡಿಯೇ ನಾನು ದೊಡ್ಡವಳಾದೆ. ಬೇರೆ ಮನೆಯವರು "ಕೊಳೆತದ್ದು, ನಿನ್ನೆಯದ್ದು" ಎಂದು ಮೀನನ್ನು ಹಳಿದು ಬೆಲೆ ಇಳಿಸುತ್ತಿದ್ದರು. ಅಮ್ಮ ಎಂದೂ ಮಾಲನ್ನು ಹಳಿದವಳಲ್ಲ. "ಮೀನು ಚಂದ ಉಂಟು. ನಿನಗೆ ಎಂತ ಬೇಕು ಹೇಳು, ನನಗೆ ಎಂತ ಬೇಕು ನಾನು ಹೇಳ್ತೇನೆ" ಎನ್ನುತ್ತಿದ್ದಳು. ನನ್ನ ಜೊತೆಯೂ ಹಾಗೆಯೇ ಮಾಡಿದಳು. ಬಾಗಿಲಿಲ್ಲದ ಹೊಸ್ತಿಲ ಮೇಲೆ ಕೂತು, ಮಡಿಲಲ್ಲಿ ಅಲಸಂಡೆ ಮುರಿಯುತ್ತಾ ಶುರು ಮಾಡಿದಳು.

"ಕ್ಯಾಸೆಟಿಗೆ ಎಷ್ಟು ಮಗ್ಗುಲು ಉಂಟು?"

"ಎರಡು."

"ಹಾಗಾದ್ರೆ ಒಂದು ಮಗ್ಗುಲಿಗೆ ಒಂದು ಊಟ. ಆಗ್ತದಾ?"

"ನನಗೆ ಊಟ ಬೇಡ."

"ಬೇಡದಿದ್ರೆ ಕ್ಯಾಸೆಟ್ ಸಹ ಇಲ್ಲ. ಪಪ್ಪನ ಬಾಯಿ ಮುಚ್ಚಿಸುದು ನನ್ನ ಕೆಲಸ. ಬಟ್ಟಲು ಖಾಲಿ ಮಾಡುದು ನಿನ್ನ ಕೆಲಸ."

"ಅರ್ಧ ಊಟ."

"ಅರ್ಧ ಊಟಕ್ಕೆ ಅರ್ಧ ಮಗ್ಗುಲು. ಆ ಮನುಷ್ಯ ಬಾಯಿ ತೆರೆದಾಗಲೇ ನಿಲ್ಲಿಸ್ತೇನೆ ನೋಡು."

ಒಪ್ಪಿದೆ. ಹಾಡು ಕೆಟ್ಟದ್ದು ಎಂದು ಅವಳು ಒಮ್ಮೆಯೂ ಹೇಳಲಿಲ್ಲ, ಅಣ್ಣನ ಮಾತೂ ತೆಗೆಯಲಿಲ್ಲ. ಮಗ್ಗುಲು ಮುಗಿದು ಟೇಪು ಟಕ್ ಎಂದು ನಿಂತ ಕೂಡಲೇ "ಮುಗೀತಾ? ಬಾ" ಎಂದು ಬಟ್ಟಲು ಹಾಕುತ್ತಿದ್ದಳು. ನಾನು ಬೆರಳಿನಲ್ಲಿ ಅನ್ನ ಅತ್ತಿತ್ತ ಮಾಡಿದರೆ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಎಷ್ಟೋ ಸಲ ಅವಳು ನನಗಿಂತ ಮೊದಲೇ ತಾಳ ಗುರುತಿಸುತ್ತಿದ್ದಳು. "ಈಗ ಅವ ಸುಮ್ಮನಾಗ್ತಾನೆ ನೋಡು, ಮತ್ತೆ ಒಮ್ಮೆಲೇ ಬೊಬ್ಬೆ" ಎನ್ನುತ್ತಿದ್ದಳು, ಹಾಗೆಯೇ ಆಗುತ್ತಿತ್ತು.

ಆದರೆ ಊಟ ಮಾಡಿದ ಮಾತ್ರಕ್ಕೆ ಮಗು ಸರಿಯಾಯಿತು ಎಂದು ತಿಳಿಯಬಾರದು. ಈಗಿನ ಹಾಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾತಾಡಿಸಬೇಕು ಎಂದು ಅಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಿಮಗೆ ಹೊಳೆದರೆ ತಡಮಾಡಬೇಡಿ. ನಮ್ಮಲ್ಲಿ ಅಮ್ಮನ ಅಣ್ಣ, ನಮ್ಮ ಮಾವ, ಜೋಯಿಸರ ಹತ್ತಿರ ಹೋಗುವ ಎಂದರು. ಅಮ್ಮ ಅದಕ್ಕಿಂತ ಮೊದಲು ಪಕ್ಕದ ಮನೆಯ ಲೀನಾ ಟೀಚರನ್ನು ಕರೆಯುವ ಎಂದಳು. ಅವರು ಕಾನ್ವೆಂಟಿನಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾದವರು, ಪ್ರತಿ ಗುರುವಾರ ಬಿಕರ್ನಕಟ್ಟೆಯ ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬರುವವರು. ಆ ಹಾಡಿನಲ್ಲಿ ಏನಿದೆ ಎಂದು ಅವರೇ ಕೇಳಿ ಹೇಳಲಿ ಎಂಬುದು ಅಮ್ಮನ ಲೆಕ್ಕ.

ಟೀಚರು ಕನ್ನಡಕ ಒರೆಸಿ, ಶಿಲುಬೆಯ ಗುರುತು ಮಾಡಿ, ಟೇಪ್ ರೆಕಾರ್ಡರಿಗೆ ಕಿವಿ ಕೊಟ್ಟು ಕೂತರು. ಪಪ್ಪ ಚಾವಡಿಯಲ್ಲಿ ಪೇಪರು ಹಿಡಿದಿದ್ದರು, ಪುಟ ಮಾತ್ರ ತಿರುಗಲಿಲ್ಲ. ಹಾಡು ಶುರುವಾದಾಗ ಟೀಚರು ಬೆಚ್ಚಿ ಹಿಂದೆ ಸರಿದರು, ಮತ್ತೆ ಹಠದಿಂದ ಮುಂದೆ ಬಾಗಿದರು.

"ಇವನಿಗೆ ಹಲ್ಲುಗಿಲ್ಲು ಉಂಟಾ ಇಲ್ವಾ ಮಾರಾಯ್ತಿ? ಒಂದು ಶಬ್ದ ಬಿಡಿಸಿ ಹೇಳುದಿಲ್ಲ. ನನ್ನ ಕ್ಲಾಸಲ್ಲಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ." ಮತ್ತೆ ಕೇಳಿದರು. "ತಡಿ. 'ವಿಂಟರ್' ಅಂದ. ಚಳಿಗಾಲ."

ಚಾವಡಿಯಿಂದ ಪಪ್ಪನ ದನಿ ಬಂತು. "ಚಳಿಗಾಲವಾ? ಮಂಗಳೂರಲ್ಲಿ ಎಲ್ಲಿಯ ಚಳಿಗಾಲ?"

"ಅವ ಮಂಗಳೂರಿನವ ಅಲ್ವಲ್ಲ ಶೆಟ್ರೇ."

ಅವರು ಆ ಮಗ್ಗುಲನ್ನು ಪೂರ್ತಿ ಕೇಳಿದರು. ಆ ಮುದುಕಿಯ ಹಣೆಯಲ್ಲಿ ಬೆವರು ಮೂಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಎದ್ದು ಹೋಗುವಾಗ ಪಪ್ಪನ ಕುರ್ಚಿಯ ಎದುರು ನಿಂತು ಇಷ್ಟೇ ಹೇಳಿದರು:

"ಸಾಯಿ ಅಂತ ಎಲ್ಲಿಯೂ ನನಗೆ ಕೇಳ್ಲಿಲ್ಲ. ಸಾಯ್ಬೇಡ ಅಂತಲೂ ಕೇಳ್ಲಿಲ್ಲ. ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ."

ಪಪ್ಪ ಪೇಪರಿನ ಪುಟ ತಿರುಗಿಸಿದರು.

ಅರ್ಥದಿಂದ ಏನೂ ಸಿಗಲಿಲ್ಲವೆಂದ ಮೇಲೆ ನಾನು ಬೇರೆ ದಾರಿ ಹಿಡಿದೆ. ವ್ಯಾಪಾರದಲ್ಲಿಯೂ ನನ್ನದು ಇದೇ ಸ್ವಭಾವ. ಮಾಲಿನ ಬಗ್ಗೆ ಹತ್ತು ಜನ ಹತ್ತು ಮಾತು ಹೇಳಿದರೆ, ನಾನೇ ಹೋಗಿ ಕೈಯಿಟ್ಟು ನೋಡುತ್ತೇನೆ. ಒಂದು ಸಂಜೆ ಅಮ್ಮನ ಪೆಟ್ಟಿಗೆಯಿಂದ ದೀಪದ ಹತ್ತಿ ತೆಗೆದುಕೊಂಡು, ಪಾಗಾರ ದಾಟಿ, ಹಳಿಯಿಂದ ಸಾಕಷ್ಟು ಈಚೆ, ತೋಡಿನ ಬದಿಯ ಕೆಸುವಿನ ಗಿಡಗಳ ಪಕ್ಕ ನಿಂತೆ. ಎರಡೂ ಕಿವಿಗೆ ಹತ್ತಿ ತುರುಕಿ, ಕಣ್ಣು ಮುಚ್ಚಿದೆ. ಕಿವಿ ಮುಚ್ಚಿದವನಿಗೆ ರೈಲು ಕೇಳುತ್ತದೆಯೇ ಇಲ್ಲವೇ, ಅದೊಂದು ನನಗೆ ತಿಳಿಯಬೇಕಿತ್ತು. ಗಾಡಿ ಬಂತು. ದೂರದಲ್ಲಿರುವಾಗಲೇ ಕೇಳಿತು. ಹಾರನ್ನೂ ಕೇಳಿತು. ಹಾಗಾದರೆ ಅಣ್ಣನಿಗೂ ಕೇಳಿರಬೇಕು. ಅಷ್ಟರಲ್ಲಿ ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದು ಕೆಸರಿಗೆ ಬೀಳಿಸಿದರು.

ಪಪ್ಪ. ಹೋಟೆಲಿನಿಂದ ಸ್ಕೂಟರಿನಲ್ಲಿ ಬರುವಾಗ ರಸ್ತೆಯಿಂದ ನನ್ನನ್ನು ಕಂಡು, ಸ್ಕೂಟರನ್ನು ಅಲ್ಲೇ ಬೀಳಿಸಿ ಓಡಿಬಂದಿದ್ದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಗಾಡಿ ಹೋಗಿ ಮುಗಿಯುವವರೆಗೂ ನನ್ನ ರಟ್ಟೆ ಬಿಡಲಿಲ್ಲ.

"ನಿನಗೂ ಹೇಳಿತಾ ಅದು? ನಿನಗೂ ಹೇಳಿತಾ?" ಎಂದು ಕೂಗಿದರು. ದನಿ ಅವರದ್ದೇ ಅಲ್ಲದ ಹಾಗೆ ಒಡೆದಿತ್ತು.

ನಾನು ಕಿವಿಯಿಂದ ಹತ್ತಿ ತೆಗೆದು ತೋರಿಸಿದೆ.

"ನಾನು ಸಾಯ್ಲಿಕ್ಕೆ ಬಂದದ್ದಲ್ಲ ಪಪ್ಪ. ಅಣ್ಣನಿಗೆ ಗಾಡಿ ಕೇಳಿತ್ತಾ ಇಲ್ವಾ ಅಂತ ನೋಡ್ಲಿಕ್ಕೆ."

ಅವರು ಹತ್ತಿಯನ್ನೇ ನೋಡಿದರು.

"ಕೇಳಿತಾ?"

"ಕೇಳ್ತದೆ ಪಪ್ಪ. ಹತ್ತಿ ಇಟ್ಟರೂ ಕೇಳ್ತದೆ."

ಪಪ್ಪ ಆ ಕೆಸರಿನಲ್ಲಿಯೇ ನನ್ನ ಪಕ್ಕ ಕೂತರು. ಆ ಹೊಟ್ಟೆ, ಆ ಬಿಳಿ ಅಂಗಿ ಎಲ್ಲ ಕೆಸರು. ಹಿತ್ತಿಲ ಬಾಗಿಲಲ್ಲಿ ಆಡಿದ ಎರಡನೆಯ ಮಾತು ನಮ್ಮಿಬ್ಬರ ನಡುವೆ ಮೊದಲ ಸಲ ಬಂದು ಕೂತಿತ್ತು. ಇಷ್ಟು ದಿನ ಅವರು ಹಾಡನ್ನು ಶಪಿಸಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಹಾಡಿನ ಮೇಲೆ ತಪ್ಪು ಹೊರಿಸದಿದ್ದರೆ ಅದನ್ನು ಮಗನ ಮೇಲೆಯೇ ಹೊರಿಸಬೇಕಿತ್ತು. ಅವರು ನನ್ನ ಅಂಗೈಯಿಂದ ಹತ್ತಿ ತೆಗೆದು ಬೆರಳಲ್ಲಿ ಒತ್ತಿ ನೋಡಿದರು.

"ಹತ್ತಿ ಬೇರೆ, ಹಾಡು ಬೇರೆ," ಎಂದರು. "ಹತ್ತಿ ಸುಮ್ಮನೆ ಇರ್ತದೆ. ಅವನ ಕಿವಿಯಲ್ಲಿ ಹತ್ತಿ ಇರ್ಲಿಲ್ಲ, ಆ ಬೊಬ್ಬೆ ಇತ್ತು. ಏಳು."

"ಎಲ್ಲಿಗೆ?"

"ಮನೆಗೆ. ಅದನ್ನು ಹಾಕು. ಎಷ್ಟು ದೊಡ್ಡ ಆಗ್ತದೋ ಅಷ್ಟು ದೊಡ್ಡ ಹಾಕು. ಮುಂದಿನ ಗಾಡಿ ಬರ್ಲಿಕ್ಕೆ ಉಂಟು."

ಅಮ್ಮ ನಮ್ಮ ಅವತಾರ ನೋಡಿ ಕೈಯ ಬತ್ತಿ ಕೆಳಗಿಟ್ಟಳು. ಪಪ್ಪ ಅವಳಿಗೆ ಒಂದೇ ವಾಕ್ಯದಲ್ಲಿ ಹೇಳಿದರು. ಅವಳು ಒಂದು ಪ್ರಶ್ನೆಯನ್ನೂ ಕೇಳದೆ ಬಂದು ಮಂಚದ ಮೇಲೆ ಕೂತಳು. ಅಂದರೆ ಅವಳೂ ಅದೇ ಸಂಶಯ ಹೊತ್ತುಕೊಂಡು ಅಡುಗೆ ಮಾಡುತ್ತಿದ್ದಳು, ಮೀನು ಕೊಳ್ಳುತ್ತಿದ್ದಳು, ನನ್ನ ಜೊತೆ ಊಟದ ಚೌಕಾಶಿ ಮಾಡುತ್ತಿದ್ದಳು. ನಾನು ಅಣ್ಣ ಹೆಚ್ಚು ಕೇಳುತ್ತಿದ್ದ ಕ್ಯಾಸೆಟ್ಟು ಹಾಕಿ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದೆ. ಪಪ್ಪ ಟೇಪ್ ರೆಕಾರ್ಡರನ್ನು ಎತ್ತಿ ನಮ್ಮ ಮೂವರ ತಲೆಗಳ ನಡುವೆ, ಮಂಚದ ಮೇಲೆಯೇ ಇಟ್ಟರು. ಮೂವರೂ ಅದರ ಮೇಲೆ ಬಗ್ಗಿದೆವು. ಗರಗಸ, ಕಲ್ಲು, ಆ ಬಾವಿಯ ದನಿ. ಎದೆಯೊಳಗೆ ಕುಟ್ಟುತ್ತಿತ್ತು. ಪಪ್ಪ ಕಣ್ಣು ಮುಚ್ಚಿ, ಹಣೆ ಗಂಟುಹಾಕಿ, ಕಳೆದುಹೋದ ಒಂದು ಚಿಕ್ಕ ವಸ್ತುವನ್ನು ಕತ್ತಲಲ್ಲಿ ತಡಕುವವರ ಹಾಗೆ ಕೇಳುತ್ತಿದ್ದರು. ಆ ಮಗ್ಗುಲು ಟಕ್ ಎಂದು ನಿಂತಾಗ ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಹೊರಗೆ ಕಪ್ಪೆಗಳು ಮಾತ್ರ.

"ಗಾಡಿ ಬರ್ಲಿಲ್ವಾ ಇನ್ನೂ?" ಎಂದು ಪಪ್ಪ ಕೇಳಿದರು.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ವಾಪಸು ಬಂದಾಗ ಅವಳ ಕೈಯಲ್ಲಿ ಒಂದು ಲೋಟ ಇತ್ತು.

"ಹೋಗಿ ಆಯ್ತು," ಎಂದಳು. "ಇದು ಹಲಗೆಯಿಂದ ಕೆಳಗೆ ಬಿದ್ದಿದೆ."

ಲೋಟ ಬಿದ್ದದ್ದೂ ನಮಗೆ ಕೇಳಿರಲಿಲ್ಲ. ಹುಟ್ಟಿದಂದಿನಿಂದ ಆ ಗಾಡಿಯ ಸದ್ದಿನಲ್ಲಿ ಬದುಕಿದವಳು ನಾನು. ಅದು ನಮ್ಮ ಹಿತ್ತಿಲಿನಲ್ಲಿ ಹಾದುಹೋಗಿತ್ತು, ನನಗೆ ತಿಳಿದಿರಲಿಲ್ಲ. ಪಪ್ಪ ಲೋಟವನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಅದರ ನೆಗ್ಗಿದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತರು. ಆಮೇಲೆ ಅತ್ತರು. ಗಂಡಸರು ಸಾವಿನ ಮನೆಯಲ್ಲಿ ಅಳುವ ಹಾಗೆ, ಆವತ್ತು ಅಳದೆ ಉಳಿಸಿಟ್ಟದ್ದನ್ನು ಎಲ್ಲ ಅತ್ತರು. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು. ಅಣ್ಣ ಆವತ್ತು ಹಾಡನ್ನು ಸಣ್ಣಗೆ ಇಟ್ಟಿರಬಹುದು, ಕಣ್ಣಿಗಂತೂ ಹತ್ತಿ ಇಟ್ಟಿರಲಿಲ್ಲ. ವ್ಯಾಪಾರದಲ್ಲಿ ಇಷ್ಟು ಸಣ್ಣ ಆಧಾರದ ಮೇಲೆ ನಾನು ಒಂದು ಕಿಟಕಿಯನ್ನೂ ಕೊಳ್ಳಲಾರೆ. ಆದರೆ ಕೇಳಿಸದೆ ಇರಬಹುದು ಎಂಬ ಒಂದು ಮಾತು, ಇರಬಹುದು ಎಂಬಷ್ಟೇ, ಆ ದಿನ ನಮ್ಮ ಮೂವರಿಗೂ ಸಾಕಾಯಿತು. ಯಾವ ಹಾಡು ಮಗನನ್ನು ತಿಂದಿತು ಎಂದು ಪಪ್ಪ ಶಪಿಸುತ್ತಿದ್ದರೋ, ಅದೇ ಹಾಡು ಈಗ ಮಗನ ಪರವಾಗಿ ಸಾಕ್ಷಿ ನುಡಿದಿತ್ತು. ಅಂದಿನ ಬಳಿಕ ನಾನು ಹಳಿಯ ಕಡೆಗೆ ಹೋಗಲಿಲ್ಲ. ಅನ್ನ ಮಾತ್ರ ಇನ್ನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಮ್ಮನ ಚೌಕಾಶಿ ನಡೆದೇ ಇತ್ತು.

ಆಟಿ ತಿಂಗಳು, ತುಳುವರ ಆಷಾಢ, ಬಂತು. ನಮ್ಮಲ್ಲಿ ಆಟಿಯಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಮುಸ್ಸಂಜೆಗೆ ನಡುಕೋಣೆಯನ್ನು ಗುಡಿಸಿ ಒರೆಸಿ, ಒಬ್ಬೊಬ್ಬ ಹಿರಿಯರಿಗೂ ಒಂದೊಂದು ಬಾಳೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ದೀಪವಿಟ್ಟು ಬಾಗಿಲು ಹಾಕುವುದು. ಅವರು ಉಣ್ಣುವವರೆಗೆ ಮನೆಯವರೆಲ್ಲ ಹೊರಗೆ ಸದ್ದಿಲ್ಲದೆ ನಿಲ್ಲುವುದು. ಆಮೇಲೆ ಬಾಗಿಲು ತಟ್ಟಿ, ಕೇಳಿ, ತೆರೆಯುವುದು. ಆ ವರ್ಷ ಅಣ್ಣನಿಗೂ ಒಂದು ಎಲೆ ಹಾಕಬೇಕಿತ್ತು. ಆದರೆ ಹಾಕಲು ನಡುಕೋಣೆಗೆ ಬಾಗಿಲೇ ಇರಲಿಲ್ಲ. ಬೆಳಿಗ್ಗೆ ಪಪ್ಪ ಆಚಾರಿಗೆ ಕಾಯದೆ, ಕೊಟ್ಟಿಗೆಯಿಂದ ಆ ಬಾಗಿಲನ್ನು ತಾವೇ ಎಳೆದು ತಂದು, ನನ್ನ ಕೈಯಲ್ಲಿ ಹಿಡಿಸಿ, ಕೀಲಿಗೆ ಕೂರಿಸಿದರು. "ನಾಳೆಗೂ ಇದು ಇಲ್ಲೇ ಇರ್ಲಿ" ಎಂದರು, ನನ್ನ ಮುಖ ನೋಡದೆ.

ಬಡಿಸಲು ಕ್ರಮಪ್ರಕಾರ ತಾಯಿಯ ಕಡೆಯ ಹಿರಿಯರಾಗಿ ಮಾವ ಬಂದರು. ಅಜ್ಜನ ಎಲೆಗೆ ಕೋಳಿ ಸಾರು ಹಾಕಿದ ಕೋರಿ ರೊಟ್ಟಿ, ಒಂದು ಗ್ಲಾಸು ಬ್ರಾಂಡಿ. ಅಜ್ಜಿಯ ಎಲೆಯ ಪಕ್ಕ ವೀಳ್ಯ, ಹೊಗೆಸೊಪ್ಪು. ಅಣ್ಣನ ಎಲೆಗೆ ಅಮ್ಮ ಬೆಂಗ್ರೆಯ ಹೆಂಗಸಿಗೆ ಮೊದಲೇ ಹೇಳಿ ತರಿಸಿದ್ದ ಕಾಣೆ ಮೀನು ಹುರಿದು ಬಡಿಸಿದಳು. ಕಡಲಿಗೆ ಬೋಟು ಇಳಿಯದ ಆ ದಿನಗಳಲ್ಲಿ ಅದನ್ನು ಹೇಗೆ ಕುದುರಿಸಿದಳೋ. ಪಪ್ಪ ಪೇಟೆಯಿಂದ ತಂದ ಗಡ್‌ಬಡ್ ಐಸ್‌ಕ್ರೀಮು ಎಲೆಯ ತುದಿಯಲ್ಲಿ ಕರಗುತ್ತಿತ್ತು. ಇನ್ನೇನು ಬಾಗಿಲು ಹಾಕಬೇಕು, ಪಪ್ಪ ಟೇಪ್ ರೆಕಾರ್ಡರು ಹಿಡಿದು ಬಂದು ಅಣ್ಣನ ಎಲೆಯ ಪಕ್ಕ ಇಟ್ಟರು.

ಮಾವ ದಂಗಾದರು. "ಎಂತ ಭಾವ ಇದು? ಹಿರಿಯರಿಗೆ ಬಡಿಸುವಲ್ಲಿ ಟೇಪ್ ಇಡುವ ಕ್ರಮ ಎಲ್ಲಿಯಾದ್ರೂ ಉಂಟಾ?"

"ನಿಮ್ಮ ಅಪ್ಪನಿಗೆ ಬ್ರಾಂಡಿ ಇಟ್ಟಿದ್ದೀರಿ. ಅಮ್ಮನಿಗೆ ಹೊಗೆಸೊಪ್ಪು ಇಟ್ಟಿದ್ದೀರಿ," ಎಂದರು ಪಪ್ಪ. "ಅವ ಕುಡೀತಿದ್ನಾ? ಎಲೆ ತಿಂತಿದ್ನಾ? ಅವನಿಗೆ ಇದ್ದದ್ದು ಇದೊಂದೇ ಚಟ."

"ಆದ್ರೂ ಭಾವ, ಅಜ್ಜ ಅಜ್ಜಿ ಎಲ್ಲ ಕೂತಿರ್ತಾರೆ. ಈ ಬೊಬ್ಬೆ..."

"ಮೊಮ್ಮಗನ ಹಾಡಲ್ವಾ. ಒಂದು ದಿನ ಸಹಿಸ್ಕೊಳ್ತಾರೆ."

ಪಪ್ಪ ನನ್ನ ಕಡೆ ತಿರುಗಿ ತಲೆಯಾಡಿಸಿದರು. ನಾನು ಗುಂಡಿ ಒತ್ತಿದೆ. ಬಾಗಿಲು ಹಾಕಿದೆವು. ಒಳಗಿನಿಂದ ಗರಗಸ ಎದ್ದಿತು, ಕಲ್ಲು ಕುಟ್ಟಿತು, ಆ ದನಿ ಹಲಸಿನ ಹಲಗೆಯನ್ನು ಹಾದು ಚಾವಡಿಗೆ ಬಂತು. ಕೈ ಕಟ್ಟಿಕೊಂಡು ನಾವು ನಾಲ್ವರು ನಿಂತೆವು. ಸಾಮಾನ್ಯವಾಗಿ ನಿಲ್ಲುವಷ್ಟು ಹೊತ್ತು ನಿಂತು ಮಾವ ಬಾಗಿಲು ತಟ್ಟಲು ಕೈಯೆತ್ತಿದರು. ಪಪ್ಪ ಅವರ ಮಣಿಕಟ್ಟು ಹಿಡಿದರು.

"ತಡೀರಿ ಭಾವ. ಕಿಶೋರನದ್ದು ಆಗ್ಲಿಲ್ಲ ಇನ್ನೂ."

ಆ ಹೆಸರು ಕೇಳಿ ಅಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮಾವ ಕೈ ಇಳಿಸಿದರು. ಒಳಗೆ ಆ ಮನುಷ್ಯ ಒಮ್ಮೆ ಸುಮ್ಮನಾಗಿ ಮತ್ತೆ ಕೂಗತೊಡಗಿದ. ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು. ಅಷ್ಟು ತಿಂಗಳಲ್ಲಿ ನನ್ನಲ್ಲಿ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದಳು.

"ಎಂತ ಹೇಳ್ತಾನೆ ಅವ?"

ನನಗೆ ಗೊತ್ತಿರಲಿಲ್ಲ. ಲೀನಾ ಟೀಚರಿಗೇ ಗೊತ್ತಾಗದ್ದು ನನಗೆ ಹೇಗೆ ಗೊತ್ತಾಗಬೇಕು?

"ಕಾಣೆ ಲಾಯ್ಕ ಆಗಿದೆಯಂತೆ," ಎಂದೆ.

ಅಮ್ಮ ಕತ್ತಲಲ್ಲಿ ನನ್ನನ್ನೇ ನೋಡಿದಳು.

"ಉಪ್ಪು?"

"ಸರಿ ಉಂಟಂತೆ."

"ನಿನಗೂ ಒಂದು ತೆಗೆದಿಟ್ಟಿದ್ದೇನೆ," ಎಂದಳು. ಅದಕ್ಕೆ ಬದಲಾಗಿ ಏನನ್ನೂ ಕೇಳಲಿಲ್ಲ. ನಾನೂ ಚೌಕಾಶಿ ಮಾಡಲಿಲ್ಲ. ಹಾಡು ಮುಗಿಯುವವರೆಗೆ ನಾವು ನಾಲ್ವರೂ ಹಾಗೆಯೇ ನಿಂತಿದ್ದೆವು. ನನಗೆ ತುಂಬ ಹಸಿವಾಗಿತ್ತು.